ರಾಗಿ ಹಿಟ್ಟಿನ ಮಾತ್ರೆ

ಸುಗಟೂರು
೧೪ ನವೆಂಬರ್ ೨೦೨೫, ಶುಕ್ರವಾರ

ಸೊಸೆ ಪದ್ಮಶ್ರೀಗೆ ಅತ್ತೆ ರಾಮಲಕ್ಷ್ಮಮ್ಮ ಮಾಡುವ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆದ ಮೇಲೆ ಹೊಡೆದು ಹಾಕಬೇಕೆನ್ನಿಸಿತು. ಆ ಯೋಗ್ಯತೆ ನನಗೆಲ್ಲಿ ಉಳಿದಿದೆ? ಆದರೆ ಬೇರೆ ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಇರಲಿ ಎಂದು ಬಿಟ್ಟಿದ್ದೇನೆ. ಅಕ್ಷರ ದೊಡ್ಡದು, ಸೊಟ್ಟ, ಬೈಕೊಳ್ಳಬೇಡ. ಓದಿದ್ದು ಏಳನೇ ಕ್ಲಾಸು, ಮೇಲೆ ಕಣ್ಣಿಗೆ ಪೊರೆ. ಸೂಜಿಗೆ ದಾರ ಪೋಣಿಸಬೇಕಾದರೂ ನಿನ್ನನ್ನೇ ಕೂಗುತ್ತಿದ್ದೆನಲ್ಲ. ನೀನು ಹೋದ ಮೇಲೆ ಹರಿದ ರವಿಕೆಗಳೆಲ್ಲ ಹಾಗೇ ಮೂಲೆಯಲ್ಲಿ ಬಿದ್ದಿವೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿರುವುದೇ ಸರಿ. ಮೊನ್ನೆ ನಿಮ್ಮಪ್ಪ ಚನ್ನರಾಯಪ್ಪನವರಿಗೆ ಮಾಡಿದ್ದೆ. ದೊಡ್ಡ ಮನುಷ್ಯರು, ಬೈಯಲಿಲ್ಲ. ಒಂದೇ ಮಾತು ಹೇಳಿದರು: “ನಮ್ ಪದ್ಮ ಮಾತ್ರೆ ಎಲ್ಲಾ ಬಿಟ್ಬಿಟ್ಟವ್ಳೆ ಕಣಮ್ಮ. ಆಸ್ಪತ್ರೆಗೆ ಹೋಗೋಣ ಬಾ ಅಂದ್ರೆ, ನಂಗೆ ನಿಜವಾಗ್ಲೂ ನೋವೈತೋ ಇಲ್ವೋ ನಂಗೇ ಗೊತ್ತಿಲ್ಲಪ್ಪ ಅಂತಾಳೆ.” ಆ ಮಾತು ಕೇಳಿದಾಗಿನಿಂದ ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ. ಅದಕ್ಕೇ ಈ ಕಾಗದ.

ನಾನು ಮಾಡಿದ್ದು ನಿನಗೆ ಗೊತ್ತೇ ಇದೆ. ಆದರೂ ನನ್ನ ಕೈಯಲ್ಲಿ ಒಂದು ಸಲ ಬರೆಯಬೇಕು. ಬಾಯಲ್ಲಿ ಹೇಳಿದರೆ ನಾನು ಯಾವಾಗಲೂ ನನಗೆ ಬೇಕಾದ ಕಡೆ ತಿರುಗಿಸಿಕೊಂಡು ಹೇಳುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಹೋದ ವರ್ಷ ವಕ್ಕಲೇರಿ ರಸ್ತೆಯಲ್ಲಿ ಸ್ಕೂಟಿ ಜಾರಿ ನಿನ್ನ ಬಲಗೈ ಮುರಿಯಿತು. ಆರು ವಾರ ಕಟ್ಟು ಹಾಕಿದರು, ಬಿಚ್ಚಿದರು. ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡಿದೆ ಎಂದರು. ನನಗೆ ಅಷ್ಟೇ ಸಾಕಾಯಿತು. ನೀನು ಮಾತ್ರ ಕೈ ಉರಿ ಅತ್ತೆ, ಉರಿ ಅತ್ತೆ ಎನ್ನುತ್ತಲೇ ಇದ್ದೆ. ಸೆರಗು ತಾಗಿದರೆ ಉರಿ, ಫ್ಯಾನಿನ ಗಾಳಿ ಬಿದ್ದರೆ ಉರಿ. ಗಾಳಿಗೆ ಯಾರಿಗಾದರೂ ಕೈ ಉರಿಯುತ್ತದೆಯೇ? ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕಾದ ದಿನ, ಮನೆಯ ಬೆಕ್ಕು ಕೂಡ ಸುಮ್ಮನೆ ಕೂರದ ದಿನ, ನೀನು ಕೈಯನ್ನು ಎದೆಗವಚಿಕೊಂಡು ಜಗಲಿಯಲ್ಲಿ ಕೂತಿದ್ದೆ. ಒಂದು ಹುಳುವನ್ನೂ ಎತ್ತಲಿಲ್ಲ. ಆವತ್ತೇ ನನ್ನ ತಲೆಗೆ ಹತ್ತಿಬಿಟ್ಟಿತು, ಇದು ಕೆಲಸಗಳ್ಳತನ ಎಂದು. ನೀನು ಅಳುತ್ತಾ, ಬೇಕಾದರೆ ಕಾಣಿಪಾಕದ ಗಣಪತಿ ಗುಡಿಯ ಕೊಳದಲ್ಲಿ ಮುಳುಗಿ ಪ್ರಮಾಣ ಮಾಡುತ್ತೇನೆ ಎಂದೆ. ನಾನು, ದೇವರಿಗೆ ಬೇರೆ ಕೆಲಸ ಇಲ್ಲವೇನೇ ಎಂದೆ. ಎಂಥ ಬಾಯಿ ನನ್ನದು!

ಡಾಕ್ಟರು ಕೊಟ್ಟ ಕ್ಯಾಪ್ಸೂಲನ್ನು ಒಂದೇ ಕೈಯಲ್ಲಿ ಪಟ್ಟಿಯಿಂದ ಬಿಡಿಸಲು ನಿನಗಾಗುತ್ತಿರಲಿಲ್ಲ. ನನ್ನ ಮಗ ವೆಂಕಟ ಪ್ರತಿ ಭಾನುವಾರ ಬಿಡಿಸಿ ಆ ಹಳದಿ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ನಾನು ಆ ಡಬ್ಬಿ ತೆಗೆದು, ಒಂದೊಂದೇ ಕ್ಯಾಪ್ಸೂಲು ಬಿಚ್ಚಿ, ಒಳಗಿನ ಪುಡಿ ಚೆಲ್ಲಿ, ರಾಗಿ ಹಿಟ್ಟು ತುಂಬಿದೆ. ವೆಂಕಟನಿಗೆ ಇದೇನೂ ಗೊತ್ತಿರಲಿಲ್ಲ. ಅವನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಅವನ ಮೇಲೆ ನಿನಗೆ ಅನುಮಾನವಿದ್ದರೆ ಬಿಟ್ಟುಬಿಡು, ಎಲ್ಲ ಪಾಪ ನನ್ನದೇ.

ಹತ್ತು ದಿನ ನಾನೇ ಕೈಯಾರೆ ಮಾತ್ರೆ ಕೊಟ್ಟೆ. ನಿನಗೆ ಅನುಮಾನ ಬರಬಾರದೆಂದು ಹಾಲು ಕಾಯಿಸಿ ಕೊಟ್ಟೆ, ಮೆತ್ತಗೆ ಮಾತಾಡಿದೆ, ತಲೆ ಬಾಚಿದೆ. ಆ ದಿನಗಳಲ್ಲಿ ನಿನಗೆ ನಿದ್ದೆ ಬರುತ್ತಿರಲಿಲ್ಲ, ಮೈ ಬೆವರುತ್ತಿತ್ತು. ಅದನ್ನೂ ನಾಟಕ ಅಂದುಕೊಂಡೆ. ಇಂಥ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಹಾಗಾಗುತ್ತದಂತೆ, ನಿಲ್ಲಿಸಲೇಬಾರದಂತೆ. ನನಗೆ ಈಗ ಗೊತ್ತಾಗಿದೆ. ಆದರೂ ಒಂಬತ್ತನೇ ದಿನ ನೀನು, “ಈ ವಾರ ಉರಿ ಸ್ವಲ್ಪ ಕಮ್ಮಿ ಅತ್ತೆ” ಎಂದೆ. ನಕ್ಕುಕೊಂಡು ಹೇಳಿದೆ. ಸಿಕ್ಕಿಬಿದ್ದಳು ಎಂದು ನನ್ನ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷ.

ಮಾರನೇ ದಿನ ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟೆ: “ನನ್ ಸೊಸೆ ಹತ್ತು ದಿನ ರಾಗಿ ಹಿಟ್ಟು ನುಂಗಿ ನೋವು ಕಮ್ಮಿ ಆಯ್ತು ಅಂದ್ಳು ಕಣ್ರೇ!” ಪಕ್ಕದ ಮನೆ ಮುತ್ಯಾಲಮ್ಮ ತೆಲುಗಿನಲ್ಲಿ, “ನಾಕೂ ಒಕಟಿ ಇಯ್ಯಮ್ಮಾ” ಎಂದು ನಿನ್ನ ಮುಂದೆ ಕೈ ಚಾಚಿ ಮಾತ್ರೆ ಬೇಡಿದಳು. ಎಲ್ಲರೂ ನಕ್ಕರು. ನೀನು ಎಡಗೈಯಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತಿದ್ದೆ. ನನ್ನನ್ನು ನೋಡಲಿಲ್ಲ. ಬೈಕಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ವೆಂಕಟನನ್ನು ನೋಡಿದೆ. ಆಮೇಲೆ ಕ್ಯಾನನ್ನು ಅಲ್ಲೇ ಇಟ್ಟು ಕೋಲಾರದ ಬಸ್ಸು ಹತ್ತಿದೆ. ಮನೆಗೆ ಬಂದು ಒಂದು ಸೀರೆಯನ್ನೂ ತೆಗೆದುಕೊಳ್ಳಲಿಲ್ಲ.

ಇಷ್ಟು ನಿನಗೆ ಗೊತ್ತಿರುವುದು. ಇನ್ನು ಗೊತ್ತಿಲ್ಲದ್ದು ಕೇಳು.

ನನ್ನ ಮಂಡಿ ನೋವು ನಿನಗೆ ಗೊತ್ತಲ್ಲ. ಸೆಪ್ಟೆಂಬರಿನಲ್ಲಿ ಕೋಲಾರದ ಆಸ್ಪತ್ರೆಗೆ ಹೋದಾಗ ಮಂಡಿ ನೋವಿನ ಮೇಲೆ ಒಂದು ಸಂಶೋಧನೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ಸುನಂದ ಎಂಬ ಸಿಸ್ಟರ್ ಅದನ್ನು ನೋಡಿಕೊಳ್ಳುತ್ತಾಳೆ, ನಿನ್ನ ವಯಸ್ಸಿನವಳೇ. ಒಂದು ಬಾಟಲಿ ಮಾತ್ರೆ ಕೊಟ್ಟು, ಮುಖಕ್ಕೆ ಮುಖ ಕೊಟ್ಟು ಹೇಳಿದಳು: “ಅಮ್ಮ, ಇದ್ರಲ್ಲಿ ಔಷಧಿ ಏನೂ ಇಲ್ಲ. ಖಾಲಿ ಮಾತ್ರೆ. ಮುಚ್ಚಿಟ್ಟು ಕೊಡ್ತಾ ಇಲ್ಲ, ಹೇಳೇ ಕೊಡ್ತಾ ಇದೀವಿ. ಬೆಳಿಗ್ಗೆ ಒಂದು, ಸಂಜೆ ಒಂದು, ಮೂರು ವಾರ ತಪ್ಪಿಸ್ಬೇಡಿ.” ಸುಗಟೂರಿನ ಕಥೆ ಇವಳಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿಯಾದೆ. ಆಮೇಲೆ ತಿಳಿಯಿತು, ದೊಡ್ಡ ದೊಡ್ಡ ದೇಶಗಳಲ್ಲೂ ಹೀಗೆ ಹೇಳಿಯೇ ಖಾಲಿ ಮಾತ್ರೆ ಕೊಟ್ಟು ನೋಡಿದ್ದಾರಂತೆ, ಎಷ್ಟೋ ಜನಕ್ಕೆ ನೋವು ಇಳಿಯುತ್ತದಂತೆ. ಜೊತೆಗೆ ಒಂದು ನೋವಿನ ಪುಸ್ತಕ ಕೊಟ್ಟಳು. ದಿನವೂ ಸೊನ್ನೆಯಿಂದ ಹತ್ತರವರೆಗೆ ನಮ್ಮ ನೋವು ಎಷ್ಟೆಂದು ಬರೆಯಬೇಕು. ಮೊದಲ ದಿನ ಎಂಟು ಬರೆದೆ.

ಎರಡನೇ ವಾರ ಡೇರಿಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದೆ ಪದ್ಮ. ಮೇಲೆ ಹತ್ತಿ ನಿಂತ ಮೇಲೆ ಗೊತ್ತಾಯಿತು ಗೋಡೆ ಹಿಡಿಯಲಿಲ್ಲ ಎಂದು. ಸಂತೋಷವಾಗಬೇಕಿತ್ತು. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ಖಾಲಿ ಮಾತ್ರೆಗೆ ನೋವು ಇಳಿದರೆ ನಾಟಕ ಎಂದು ಡೇರಿಯ ಮುಂದೆ ತೀರ್ಪು ಕೊಟ್ಟವಳು ನಾನೇ. ಇಪ್ಪತ್ತು ವರ್ಷದಿಂದ ಅಯ್ಯೋ ಮಂಡಿ, ಅಯ್ಯೋ ಮಂಡಿ ಎಂದು ನಿಮ್ಮನ್ನೆಲ್ಲ ಕುಣಿಸಿದ್ದು ಹಾಗಾದರೆ ಏನು? ನನ್ನ ನೋವು ನನಗೆ ಗೊತ್ತು, ಅದು ಸುಳ್ಳಲ್ಲ. ಆದರೆ ಯಾರು ನಂಬುತ್ತಾರೆ? ಮುತ್ಯಾಲಮ್ಮ ಕೈ ಚಾಚಿಕೊಂಡು ಬರುವುದು ಕಣ್ಣಿಗೆ ಕಟ್ಟಿತು. ಆವತ್ತು ನೋವು ಐದಿತ್ತು. ಪುಸ್ತಕದಲ್ಲಿ ಎಂಟು ಬರೆದೆ. ಮಾರನೇ ದಿನ ಎಂಟು, ಅದರ ಮಾರನೇ ದಿನವೂ ಎಂಟು. ಕುಂಟುವ ಅವಶ್ಯಕತೆಯಿಲ್ಲದಿದ್ದರೂ ಬೀದಿಯಲ್ಲಿ ಕುಂಟಿದೆ. ನಾಟಕ ಆಡಿದವರು ಯಾರು ಹೇಳು? ತಾನು ಕಳ್ಳ, ಪರರ ನಂಬ ಎನ್ನುವುದು ಇದಕ್ಕೇ.

ಮೂರು ವಾರ ಮುಗಿಸಿ ಹೋದಾಗ ಸುನಂದ ಪುಸ್ತಕ ನೋಡಿದಳು, ನಾನು ಬೆಂಚಿನಿಂದ ಎದ್ದದ್ದನ್ನು ನೋಡಿದಳು. “ಅಮ್ಮ, ಪುಸ್ತಕದಲ್ಲಿ ಎಂಟು ಅಂತೈತೆ, ನೀವು ಎದ್ದಿದ್ದು ಎಂಟರ ಥರ ಇಲ್ವಲ್ಲ” ಎಂದಳು. ಗದರಲಿಲ್ಲ, ಕೇಳಿದಳು ಅಷ್ಟೇ. ನನಗೆ ಅಳು ಒತ್ತಿಕೊಂಡು ಬಂತು. ರಾಗಿ ಹಿಟ್ಟಿನಿಂದ ಹಿಡಿದು ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. ನಾನು ಬರೆದದ್ದನ್ನು ಸಂಶೋಧನೆಗೆ ಹಾಗೆಯೇ ಸೇರಿಸಲಾಗದು, ಡಾಕ್ಟರಿಗೆ ತಿಳಿಸಲೇಬೇಕು, ಒಬ್ಬರು ಸುಳ್ಳು ಬರೆದರೆ ಬೇರೆ ನೋವಿನವರಿಗೂ ಮೋಸವಾಗುತ್ತದೆ ಎಂದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಆಮೇಲೆ ಟೀ ತರಿಸಿ ಕೊಟ್ಟು ಬಿಡಿಸಿ ಹೇಳಿದಳು. ನೋವು ಎನ್ನುವುದು ಮಂಡಿಯಲ್ಲೋ ಕೈಯಲ್ಲೋ ಮಾತ್ರ ಇರುವುದಲ್ಲವಂತೆ. ಅಲ್ಲಿಂದ ನರ ಸುದ್ದಿ ಒಯ್ಯುತ್ತದೆ, ಎಷ್ಟು ಕೂಗಬೇಕು ಎಂದು ಮೆದುಳು ತೀರ್ಮಾನ ಮಾಡುತ್ತದಂತೆ. ದಿನವೂ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡಾಗ, ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎನ್ನಿಸಿದಾಗ, ಮೈ ತಾನೇ ನೋವು ಇಳಿಸುವ ಔಷಧಿಯನ್ನು ಒಳಗೆ ಬಿಡುತ್ತದಂತೆ. ಅದರಿಂದ ನನ್ನ ಮಂಡಿಯ ಸವೆತ ಹೋಗಿಲ್ಲ, ಎಲ್ಲರಿಗೂ ಹೀಗೆ ಆಗುವುದೂ ಇಲ್ಲ. ಆದರೆ ಖಾಲಿ ಮಾತ್ರೆಗೆ ಇಳಿದ ನೋವು ಸುಳ್ಳು ನೋವಲ್ಲ ಎಂದಳು. “ನಿಮ್ ಸೊಸೆಗೆ ಕಮ್ಮಿ ಆಗಿದ್ದು ರಾಗಿ ಹಿಟ್ಟಿಂದ ಅಲ್ಲಮ್ಮ. ನೀವು ಹಾಲು ಕಾಯ್ಸಿ ಕೊಟ್ರಲ್ಲ, ತಲೆ ಬಾಚಿದ್ರಲ್ಲ, ಅದೂ ಇರ್ಬೋದು” ಎಂದಳು.

ಅಯ್ಯೋ ಪದ್ಮ, ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೋಸಕ್ಕೆಂದು ತೋರಿಸಿದ ಪ್ರೀತಿಗೇ ನಿನ್ನ ಉರಿ ಅಷ್ಟು ಇಳಿದಿದ್ದರೆ, ನಿಜವಾಗಿ ಪ್ರೀತಿ ಮಾಡಿದ್ದರೆ ಏನಾಗುತ್ತಿತ್ತು? ಎಂಟು ವರ್ಷ ನನ್ನ ಮನೆಯಲ್ಲಿದ್ದೆ. ನಾನು ನಿನ್ನ ತಲೆ ಬಾಚಿದ್ದು ಆ ಹತ್ತು ದಿನ ಮಾತ್ರ.

ನಿನ್ನ ಕೈಯ ವಿಷಯವನ್ನೂ ಕೇಳಿದೆ. ಮೂಳೆ ಕೂಡಿದ ಮೇಲೂ ಕೆಲವರಿಗೆ ನರ, ಮೆದುಳು ಎರಡೂ ಇನ್ನೂ ಪೆಟ್ಟು ಬೀಳುತ್ತಲೇ ಇದೆ ಎಂದು ಕೂಗುತ್ತಿರುತ್ತವಂತೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೊಂದು ದೊಡ್ಡ ಹೆಸರಿದೆ, ನನ್ನ ಬಾಯಿಗೆ ಬರಲಿಲ್ಲ. ಗಾಳಿಗೂ ಉರಿಯುತ್ತದೆಯಾ ಎಂದು ಸುನಂದಳೇ ನನ್ನನ್ನು ಕೇಳಿದಳು, ನಾನು ಹೇಳುವ ಮೊದಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಿನ್ನ ಕೈಗೆ ಕನ್ನಡಿಯೇ ಬೇಕಂತೆ ಕಣಮ್ಮ! ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕೈ ಆಡುವುದನ್ನು ಅದರಲ್ಲಿ ನೋಡುತ್ತಾ ಇದ್ದರೆ ಮೆದುಳಿಗೆ ನಿಧಾನವಾಗಿ ಸಮಾಧಾನವಾಗುತ್ತದಂತೆ. ಅದರ ಜೊತೆ ವ್ಯಾಯಾಮ, ಮಾತ್ರೆ. ಪೂರ್ತಿ ವಾಸಿಯಾಗುತ್ತದೆ ಎಂದು ಯಾರೂ ಮಾತು ಕೊಡಲಿಲ್ಲ. ತಡ ಮಾಡಿದಷ್ಟೂ ಕಷ್ಟ ಎಂದು ಮಾತ್ರ ಸುನಂದ ಒತ್ತಿ ಹೇಳಿದಳು. ನೀನು ಮನೆ ಬಿಟ್ಟಾಗಿನಿಂದ ಐದು ತಿಂಗಳು ಆಗಲೇ ಹೋಯಿತು, ನನ್ನಿಂದ.

ಇಪ್ಪತ್ತೈದನೇ ತಾರೀಖು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕೋಲಾರದ ಆ ಆಸ್ಪತ್ರೆಗೆ ನೋವಿನ ಡಾಕ್ಟರು ಬರುತ್ತಾರೆ. ನಿನ್ನ ಹೆಸರು ಬರೆಸಿದ್ದೇನೆ. ಮುಳಬಾಗಿಲಿನಿಂದ ನಿಮ್ಮಪ್ಪನ ಜೊತೆ ಬಾ. ನನ್ನ ಮನೆಗೆ ಬಾ ಎನ್ನುತ್ತಿಲ್ಲ, ಆಸ್ಪತ್ರೆಗೆ ಬಾ. ನನ್ನ ಮುಖ ನೋಡುವುದು ಬೇಡವೆಂದರೆ ಹೇಳಿ ಕಳಿಸು, ನಾನು ಆ ಬೀದಿಯಲ್ಲೂ ಇರುವುದಿಲ್ಲ. ನಿನ್ನ ನೋವು ನಿಜ ಪದ್ಮ. ನನ್ನ ಮಾತು ಕೇಳಿ ಅದನ್ನು ಸುಳ್ಳು ಅಂದುಕೊಂಡೆಯಲ್ಲ, ಈಗಲೂ ನನ್ನ ಮಾತನ್ನೇ ಕೇಳು. ಅದು ನಿಜ.

ನಿನ್ನೆ ಡೇರಿ ಸಾಲಿನಲ್ಲಿ ನಿಂತು ಎಲ್ಲ ಹೇಳಿದೆ. ಖಾಲಿ ಮಾತ್ರೆಗೆ ನನ್ನ ಮಂಡಿ ನೋವು ಇಳಿಯಿತು, ನಾನು ನಾಟಕದವಳಲ್ಲ, ನನ್ನ ಸೊಸೆಯೂ ಅಲ್ಲ ಎಂದೆ. ನಗುವವರು ನಕ್ಕರು. ಮುತ್ಯಾಲಮ್ಮ ಮಾತ್ರ ನಗಲಿಲ್ಲ, ಅವಳಿಗೂ ಸೊಂಟ ನೋವಿದೆ. ನೀನು ಆವತ್ತು ಹೇಗೆ ನಿಂತಿದ್ದೆಯೋ ಅದರಲ್ಲಿ ಕಾಲು ಭಾಗವಾದರೂ ನನಗೆ ತಾಗಿತು. ಸರಿಯೇ ಆಯಿತು.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಹೇಳಬೇಕೆನ್ನಿಸಿದರೆ ಮಾತ್ರ.

ತಲೆ ಎತ್ತಲಾರದ ನಿನ್ನ ಅತ್ತೆ,
ರಾಮಲಕ್ಷ್ಮಮ್ಮ

ವಿ.ಸೂ.: ಕವರಿಗೆ ಅಂಟು ಹಚ್ಚಿ ಮತ್ತೆ ಕಿತ್ತಿದ್ದೇನೆ, ಅದಕ್ಕೇ ಹರಿದಿದೆ. ವೆಂಕಟನಿಗೆ ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ನೋವಿನ ಪುಸ್ತಕದಲ್ಲಿ ಎಂಟು ಬರೆದ ಹಾಗೆಯೇ ಅದನ್ನೂ ಬರೆದೆ. ರಾಗಿ ಹಿಟ್ಟು ತುಂಬೋಣ ಎಂದವಳು ನಾನು, ಕೂತು ತುಂಬಿದವನು ಅವನು. ಸೂಜಿಗೆ ದಾರ ಪೋಣಿಸಲಾರದ ನನ್ನ ಕಣ್ಣಿಗೆ ಕ್ಯಾಪ್ಸೂಲು ಬಿಚ್ಚಿ ಮುಚ್ಚಲು ಎಲ್ಲಾಗುತ್ತದೆ? ಬೆಳಿಗ್ಗೆ ಕಾಗದ ಬರೆಯುತ್ತೇನೆ ಎಂದಾಗ ಅವನು, “ಎಲ್ಲಾ ಬರಿ ಅಮ್ಮ, ನನ್ ಹೆಸ್ರು ಮಾತ್ರ ಬೇಡ” ಎಂದ. ಮಗನ ಸಂಸಾರ ಉಳಿಯಲಿ ಎಂದು ಒಪ್ಪಿಕೊಂಡೆ. ಕಾಣಿಪಾಕದಲ್ಲಿ ಮುಳುಗಿ ಹೇಳಬೇಕಾದವಳು ನಾನು, ಇಲ್ಲೇ ಹೇಳುತ್ತಿದ್ದೇನೆ. ನಿನಗೆ ಇದು ಆವತ್ತೇ ಗೊತ್ತಾಗಿರಬೇಕು. ಡೇರಿಯಲ್ಲಿ ನೀನು ನೋಡಿದ್ದು ಅವನನ್ನು. ಮಂಗಳವಾರ ಅವನನ್ನು ಕರೆತರುವುದಿಲ್ಲ.