ಶಲವಡಿಯ ಕೊಚಿನ್ ಹುಂಜ

ಶಲವಡಿ
೧೮ ಮಾರ್ಚ್ ೧೯೮೬

ನನ್ನ ಪ್ರೀತಿಯ ಗಂಗೂ,

ಬೈಯಬೇಡ, ಬೈಯಬೇಡ, ಬೈಯಬೇಡ! ನಿನ್ನ ಮೂರು ಕಾಗದ ನನ್ನ ಟ್ರಂಕಿನಲ್ಲಿ ಕೂತಿವೆ, ನನ್ನಿಂದ ಒಂದೂ ಹೊರಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ ಈ ತಿಂಗಳ ಮೊದಲ ಭಾನುವಾರ ಧಾರವಾಡಕ್ಕೇ ಬಂದು, ನಿನ್ನ ಹಾಸ್ಟೆಲ್ಲಿನ ಮುಂದಿನಿಂದಲೇ ಹಾದು, ನಿನ್ನನ್ನು ನೋಡದೆ ತಿರುಗಿದೆ. ಯಾಕೆಂದು ಹೇಳುತ್ತೇನೆ.

ಮೊದಲು ಗಂಡನ ಮನೆಯ ಒಳ್ಳೆಯ ಸುದ್ದಿ. ಇವರು ಅಗದಿ ಒಳ್ಳೆಯವರು! ನಗು ಬೇಕಾದರೆ. ಶನಿವಾರ ಅಣ್ಣಿಗೇರಿಯಿಂದ ಜಿಲೇಬಿ ತಂದು, ಯಾರೂ ನೋಡದಂತೆ ಮೊದಲು ನನ್ನ ಕೈಗೇ ಕೊಡುತ್ತಾರೆ. ಅತ್ತೆ ಖಾತುನಬಿ ನನ್ನ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಇದು ರೊಟ್ಟಿ ಅಲ್ಲ ಬೇ, ಇಂಡಿಯಾ ನಕಾಶಿ” ಎಂದರು. ಆದರೂ ಪೂರಾ ತಿಂದರು.

ಇನ್ನು ಮಾವ ಯಾಕೂಬಸಾಬರ ಕೋಳಿಗಳು. ಕೋಳಿ ಎಂದರೆ ಮೂಗು ಮುಚ್ಚುವ ಮನೆಯವಳು ನೀನು, ಆದರೂ ಓದು. ಇವು ಊರ ಕೋಳಿಗಳಲ್ಲ, ಕೊಚಿನ್ ಜಾತಿ. ಮೈತುಂಬ ಬೆಣ್ಣೆ ಬಣ್ಣದ ಪುಕ್ಕ, ಕಾಲ ಬೆರಳಿನವರೆಗೂ ಗರಿ. ನಡೆದರೆ ಪಾಯಿಜಾಮ ಹಾಕಿಕೊಂಡಂತೆ! ಹನ್ನೆರಡು ವರ್ಷದ ಹಿಂದೆ ಬೆಳಗಾವಿಯ ಮಿಲಿಟರಿ ಸಾಹೇಬರೊಬ್ಬರು ಊರು ಬಿಡುವಾಗ ಒಂದು ಜೋಡಿಯನ್ನೂ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟರಂತೆ. ಎರೆಮಣ್ಣು ಕಾಲ ಗರಿಗೆ ಮೆತ್ತದಿರಲೆಂದು ಮಾವ ಅವಕ್ಕೆ ಹೊಟ್ಟು ಹಾಸಿದ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾರೆ. ಶುಕ್ರವಾರ ನಮಾಜು ಮುಗಿಸಿ ಬಂದು, ಒಂದೊಂದನ್ನೇ ಬೋರಲು ಹಾಕಿದ ಬುಟ್ಟಿಯ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಬೆನ್ನು ದಿಂಬಿನಂತೆ ಉಬ್ಬಿದೆಯೇ? ನಡುಬೆರಳಿಗೂ ಗರಿ ಇದೆಯೇ? ಕೊನೆಗೆ ಮೊಣಕಾಲ ಹಿಂದಿನ ಗರಿ. ಅದು ಕಡ್ಡಿಯಂತೆ ಉದ್ದಕ್ಕೆ ಚಾಚಿದ್ದರೆ ಕೋಳಿ ತಳಿಗೆ ಉಳಿಯುತ್ತದೆ. ಮೆತ್ತಗೆ ಒಳಕ್ಕೆ ಸುತ್ತಿಕೊಂಡಿದ್ದರೆ ಅಡುಗೆಮನೆಗೆ. ಗರಿ ಉದ್ದವಾದಷ್ಟೂ ಚೆಲುವು ಹೆಚ್ಚು ಎಂದು ಅವರ ನಂಬಿಕೆ.

ಈ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ನಾನು ಬಂದ ಎರಡನೆಯ ವಾರ ಮಾವ ಪುಸ್ತಕವನ್ನು ರುಮಾಲಿನಿಂದ ಬಿಚ್ಚಿ, “ಬೇಟಾ, ಹನ್ನೆರಡು ವರ್ಷ ಬರೇ ಚಿತ್ರ ನೋಡೇನಿ. ಇನ್ನ ನೀ ಓದು, ನಾ ಕೇಳತೀನಿ” ಎಂದರು. ಎಷ್ಟು ಹೆಮ್ಮೆಯಾಯಿತು ಗೊತ್ತೇ! ದಿನವೂ ಸಂಜೆ ಓದಿ ಕನ್ನಡದಲ್ಲಿ ಹೇಳಿದೆ. ಪುಸ್ತಕ ಮುಗಿದ ಮರುದಿನವೇ ಅವರು ಧಾರವಾಡದ ಕೋಳಿ ಪ್ರದರ್ಶನಕ್ಕೆ ಹೆಸರು ಬರೆಸಿದರು. “ಒಂದ ಸಲ ನಮ್ಮ ಕೋಳಿ ಮೊದಲನೇದು ಅನಸ್ಕೊಂಡ್ರ ಸಾಕು, ಮುಂದ ನನಗ ಏನೂ ಬ್ಯಾಡ” ಎಂದರು.

ಸಾಹುಕಾರ ಎಂಬ ಹುಂಜವನ್ನು ಆರಿಸಿದೆವು. ಅಂಟುವಾಳದ ನೊರೆಯಲ್ಲಿ ತೊಳೆದು, ನನ್ನ ಮದುವೆಯ ಟವೆಲ್ಲಿನಲ್ಲಿ ಒರೆಸಿದೆ. ಆ ಭಾನುವಾರ ಧಾರವಾಡದಲ್ಲಿ ಪರೀಕ್ಷಕರು ಬಂದು ಬೆನ್ನು ಸವರಿ ತಲೆದೂಗಿದರು. ಆಮೇಲೆ ಕಾಲು ಎತ್ತಿದರು.

“ಯಜಮಾನ್ರ, ಮೈ ಭಾಳ ಚಲೋ ಐತಿ. ಆದರ ಈ ಮೊಣಕಾಲ ಗರಿ? ಇದು ದೊಡ್ಡ ದೋಷ. ಮೆತ್ತಗ ಸುತಗೊಂಡಿರಬೇಕು. ಅಂಥಾವು ನಿಮ್ಮಲ್ಲೆ ಹುಟ್ಟಂಗಿಲ್ಲೇನು?”

“ಹುಟ್ಟತಾವ್ರಿ,” ಎಂದರು ಮಾವ. “ಅವನ್ನ ಸಾರು ಮಾಡತೀವ್ರಿ.”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. “ಬಹುಮಾನ ಎಲ್ಲಾ ಉಂಡ ಬಂದಾನಲೇ ಮುದುಕ!” ಎಂದ ಒಬ್ಬ.

ಪರೀಕ್ಷಕರು ನಗಲಿಲ್ಲ. “ಪುಸ್ತಕದಾಗ ಬರದಿರತಾರ. ಯಾರ ಕಡಿಂದರೆ ಓದಿಸಬೇಕಿತ್ತು” ಎಂದರು.

ಆಗ ಮಾವ ತಲೆ ಎತ್ತಿದರು. “ಪುಸ್ತಕ ನಮ್ಮನ್ಯಾಗ ಐತ್ರಿ. ನಮ್ಮ ಸೊಸಿ ಇಂಗ್ಲಿಷ್ ಸಾಲಿ ಕಲತಾಕಿ. ಒಂದಕ್ಷರ ಬಿಡದಂಗ ಓದ್ಯಾಳ. ಅದರಾಗ ಈ ಮಾತ ಇಲ್ರಿ.”

ನಾನು ಅವರ ಹಿಂದೆಯೇ ನಿಂತಿದ್ದೆ, ಗಂಗೂ. ಆ ಮುಖ ಹೊತ್ತು ನಿನ್ನ ಹತ್ತಿರ ಹೇಗೆ ಬರಲಿ?

ಮರುವಾರ ಮಾವ ಎಲ್ಲ ಕೋಳಿಗಳನ್ನೂ ನವಲಗುಂದದ ಖಾನಾವಳಿಯವನಿಗೆ ಕೊಟ್ಟುಬಿಟ್ಟರು, ಸಾಹುಕಾರನನ್ನೂ. ಇವರು ಬೇಡವೆಂದರು, ಅತ್ತೆ ಅತ್ತರು. “ಹನ್ನೆರಡು ವರ್ಷ ಉಲ್ಟಾ ನಡದೇನಿ. ತಿರುಗಿ ನಡಿಯಾಕ ಈಗ ವಯಸ್ಸಿಲ್ಲ” ಎಂದಷ್ಟೇ ಹೇಳಿದರು ಮಾವ.

ನನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ನಾಲ್ಕು ದಿನದ ಹಿಂದೆ ಹತ್ತಿರ ಕರೆದು, “ಬೇಟಾ, ಆ ಪುಸ್ತಕದ ಕಂಪನಿಗೆ ಇಂಗ್ಲಿಷಿನಾಗ ಒಂದ ಕಾಗದ ಬರಿ. ಇಂಥಾ ಮಾತ ಬಿಡಬಾರದಿತ್ತು ಅಂತ ಬರಿ. ಬೈಬ್ಯಾಡ, ಮರ್ಯಾದಿಲೆ ಬರಿ. ಇನ್ನೊಬ್ಬ ಯಾರೂ ನನ್ನಂಗ ಕೆಡಬಾರದು” ಎಂದರು. ಅಂದಿನಿಂದ ದಿನವೂ ಹಾಳೆ ತೆಗೆದು ಕೂರುತ್ತೇನೆ. ಕೊನೆಗೆ ಬರೆದದ್ದು ನಿನಗೆ.

ನಿನ್ನ ಅವ್ವನಿಗೆ ನನ್ನ ಸಲಾಂ ಹೇಳು. ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ. ದೇವರು ನಿನ್ನನ್ನು ಸುಖವಾಗಿಡಲಿ.

ನಿನ್ನವಳೇ,
ಜರೀನಾ

ತಾ.ಕ.: ಆ ಮಾತು ಪುಸ್ತಕದಲ್ಲಿದೆ. ನಲವತ್ತೊಂದನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು. ಜನವರಿಯಲ್ಲೇ ಓದಿದ್ದೆ. ಅವತ್ತು ಮಾವ ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಗರಿಗಳನ್ನೇ ನೇವರಿಸುತ್ತ, “ಇದಕ್ಕೇನ ಬರದಾರ ಬೇಟಾ?” ಎಂದು ಕೇಳಿದರು. ಅವರ ಮುಖ ಅಷ್ಟು ಖುಷಿಯಾಗಿತ್ತು. “ಏನೂ ಬರದಿಲ್ರಿ ಅಬ್ಬಾ” ಎಂದು ಪುಟ ತಿರುವಿದೆ. ಇವತ್ತು ಬೆಳಿಗ್ಗೆ, “ಕಂಪನಿಗೆ ಕಾಗದ ಹಾಕಿದೇನು?” ಎಂದು ಕೇಳಿದರು. ಹಾಕಿದೆ ಎಂದೆ.