ಎಡಗಾಲಿನ ಹೆಬ್ಬೆರಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪಾಯಿತು ಕಣೇ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಹೊಲಿಗೆ ಮೆಷಿನ್ ಪಕ್ಕ ಕೂತು, ನಾನು ಹಾಕಿದ ಗುಂಡಿ ಸೊಟ್ಟಗಿದೆ ಅಂತ ತಪ್ಪು ಹುಡುಕುತ್ತಿದ್ದಾರೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರಿಗೆ ಗುಂಡಿ ವಿಷಯ ಏನು ಗೊತ್ತು ಹೇಳು! ಅಂತೂ ಅಷ್ಟರ ಮಟ್ಟಿಗೆ ಹುಷಾರಾಗಿದ್ದಾರೆ.

ಮೆದುಳಿನಲ್ಲಿ ರಕ್ತ ಸೋರಿ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿ, ಮಾತೂ ನಿಂತುಹೋಗಿದ್ದು ನಿನಗೆ ಗೊತ್ತೇ ಇದೆ. ಮನೆಗೆ ಬಂದ ಮೇಲೆ ಮಾತು ಚೂರುಚೂರೇ ಮರಳುತ್ತಿತ್ತು. ನಾನು ದಿನಕ್ಕೆರಡು ಸಲ ಆ ಬಲಗಾಲನ್ನು ಒರೆಸಿ, ನೀವಿ, ಹಿಮ್ಮಡಿ ಹುಣ್ಣಾಗಿದೆಯೇನೋ ಅಂತ ಕನ್ನಡಕ ಹಾಕಿಕೊಂಡು ನೋಡುತ್ತಿದ್ದೆ. ಹೋದ ತಿಂಗಳು ಒಂದು ಬೆಳಿಗ್ಗೆ ಎದ್ದರೆ ಮನುಷ್ಯ ಪೂರ್ತಿ ಮಂಕು. ನೀರು ಬೇಕಾ ಅಂದರೆ ಸುಮ್ಮನೆ ನನ್ನ ಮುಖ ನೋಡುತ್ತಾರೆ. ನನ್ನ ಜೀವ ಬಾಯಿಗೆ ಬಂತು. ಮತ್ತೆ ರಕ್ತ ಸೋರಿದೆ ಅಂತಲೇ ಮಗಳೂ ನಾನೂ ಆಸ್ಪತ್ರೆಗೆ ಕರೆದುಕೊಂಡು ಓಡಿದೆವು.

ಸ್ಕ್ಯಾನ್‌ನಲ್ಲಿ ಹೊಸದೇನೂ ಇರಲಿಲ್ಲ, ಹಳೆಯ ಹೆಪ್ಪು ಕರಗುತ್ತಲೇ ಇತ್ತು. ಆದರೆ ಜ್ವರ ಇತ್ತು. ನರ್ಸಮ್ಮ ಹೊದಿಕೆ ಸರಿಸಿ, ನಾವ್ಯಾರೂ ತಿರುಗಿ ನೋಡದ ಎಡಗಾಲಿನ ಕಾಲುಚೀಲ ಕಳಚಿದಳು. ಹೆಬ್ಬೆರಳು ಕೆಂಪಗೆ ಊದಿತ್ತು, ಉಗುರಿನ ಮೂಲೆಯಲ್ಲಿ ಕೀವು. ಚೆನ್ನಾಗಿರುವ ಕಾಲು ತಾನೇ ಅಂತ ಬಿಟ್ಟಿದ್ದೆವು. ನೋವು ಅಂತ ಹೇಳಿಕೊಳ್ಳಲು ಅವರಿಗೆ ಮಾತಾದರೂ ಎಲ್ಲಿತ್ತು, ಪಾಪ.

ಕಾಲಿಗೂ ತಲೆಗೂ ಎಲ್ಲಿಯ ಸಂಬಂಧ ಅಂತ ಕೇಳಿದೆ. ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿದರು. ಮೈಯಲ್ಲಿ ಎಲ್ಲೇ ಸೋಂಕಾದರೂ ಉರಿಯೂತ ಅಲ್ಲಿಗೇ ನಿಲ್ಲುವುದಿಲ್ಲವಂತೆ, ರಕ್ತದ ಮೂಲಕ ಅದರ ಬಿಸಿ ತಲೆಗೂ ಮುಟ್ಟುತ್ತದಂತೆ. ಗಟ್ಟಿ ಮೆದುಳು ಹೇಗೋ ತಡೆದುಕೊಳ್ಳುತ್ತದೆ, ಗಾಯ ಇನ್ನೂ ಹಸಿಯಾಗಿರುವ ಮೆದುಳಿಗೆ ಮಾತ್ರ ಪೆಟ್ಟು ಇನ್ನಷ್ಟು ಆಳವಾಗಬಹುದಂತೆ. “ಬೆರಳು ವಾಸಿಯಾದ್ರೆ ಮಾತೂ ಬರಬಹುದು. ಗ್ಯಾರಂಟಿ ಅಂತ ಹೇಳಕ್ಕಾಗಲ್ಲ,” ಅಂದರು.

ಮೂರನೆಯ ದಿನ ಜ್ವರ ಇಳಿಯಿತು. ಡಾಕ್ಟರಮ್ಮ ಬೆರಳಿಗೆ ಪಟ್ಟಿ ಕಟ್ಟುತ್ತಾ, ಉಗುರನ್ನು ಇಷ್ಟು ಒಳಗೆ ಕತ್ತರಿಸಿದ್ದು ಯಾರು ಅಂತ ಕೇಳಿದರು. ನಿನ್ನ ಭಾವ ತಲೆಯೆತ್ತಿ, “ನಾನೇ... ಕತ್ತರಿಸ್ಕೊಂಡೆ,” ಅಂದರು. ಮಾತು ಬಂತಲ್ಲ ಅಂತ ಮಗಳು ಅತ್ತೇಬಿಟ್ಟಳು. ಡಾಕ್ಟರಮ್ಮ ನಕ್ಕರು. ಅಲ್ಲಿಂದ ಒಂದೊಂದೇ ಮಾತು ಸೇರುತ್ತಾ ಬಂದು, ಈಗ ನನ್ನ ಗುಂಡಿಯ ತನಕ ತಲುಪಿದೆ.

ನಿನ್ನ ಮನೆಯವರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು, ದೂರದಿಂದಲೇ ಗದರಿಸುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಆ ಉಗುರು ಕತ್ತರಿಸಿದ್ದು ನಾನು. ಹೊಲಿಗೆಯ ಅವಸರದಲ್ಲಿ, ದಾರ ಕತ್ತರಿಸುವ ಕತ್ತರಿಯಲ್ಲಿ. ರಕ್ತ ಬಂತು, ಒರೆಸಿ ಕಾಲುಚೀಲ ಏರಿಸಿದೆ, ಮರೆತೆ. ಆಸ್ಪತ್ರೆಯಲ್ಲಿ ಎಲ್ಲರೂ ಸಂತೋಷಪಡುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ. ಮೂರು ದಿನದ ಮೇಲೆ ಬಂದ ಮೊದಲ ಮಾತು, ಅದನ್ನೂ ಅವರು ನನ್ನ ಮಾನ ಉಳಿಸಲು ಆಡಿದರು ಗುಬ್ಬಿ. ಇವತ್ತಿಗೂ ಇಬ್ಬರೂ ಆ ವಿಷಯ ಎತ್ತಿಲ್ಲ. ನಿನ್ನೆ ಮತ್ತೆ ಉಗುರು ಕತ್ತರಿಸಬೇಕಿತ್ತು. ನಾನು ಕತ್ತರಿ ಕೆಳಗಿಟ್ಟು, ಮಗಳನ್ನು ಕರೆಯೋಣ ಅಂತ ಎದ್ದೆ. ನಿನ್ನ ಭಾವ “ಬೇಡ, ನೀನೇ,” ಅಂದು ಎಡಗಾಲನ್ನು ನನ್ನ ಕಡೆಗೆ ಚಾಚಿದರು.