ನಮ್ಮನ್ನು ಯಾರೂ ಬಿಟ್ಟುಹೋಗಿರಲಿಲ್ಲ

ಹಾಡು ಕಲಿಸಿದ ಪಾಟು ಮಾಸ್ಟರಿಗೆ,

ಸತ್ತವರ ಬಗ್ಗೆ ಕೆಟ್ಟದ್ದು ಆಡಬೇಡ ಎನ್ನುತ್ತಾಳೆ ರೂತ್. ನಾನು ನಿಮ್ಮ ಬಗ್ಗೆ ಆಡುತ್ತಿಲ್ಲ, ನಿಮಗೇ ಬರೆಯುತ್ತಿದ್ದೇನೆ. ನೀವು ಕಲಿಸಿದ ತಮಿಳು ಬ್ರೈಲ್ ಚುಕ್ಕಿಗಳಲ್ಲೇ ಕನ್ನಡ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಆಗಲಿ.

ಆ ಭಾನುವಾರ ನೆನಪಿದೆಯೇ? ಧರ್ಮಪುರಿಯ ಅಂಧರ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಾ ಕೂತಿದ್ದೆವು, ರೂತ್, ಸೆಲ್ವಿ, ನಾನು. ರೂತ್ ತನ್ನ ಚರ್ಚಿನ ಹಾಡೊಂದನ್ನು ಎತ್ತಿಕೊಂಡಳು, ಸೆಲ್ವಿ ದನಿಗೂಡಿಸಿದಳು. ನನಗೆ ಪದ ಗೊತ್ತಿರಲಿಲ್ಲ. ಕಾರಿಮಂಗಲದ ಹತ್ತಿರ ನಮ್ಮೂರಿನಲ್ಲಿ ಅಪ್ಪ ಕುರಿಗಳನ್ನು ಕರೆಯುವಾಗ ಎಳೆಯುತ್ತಿದ್ದ ಉದ್ದನೆಯ 'ಓ' ಇತ್ತಲ್ಲ, ಅದನ್ನೇ ಕೆಳಸ್ವರದಲ್ಲಿ ಹಿಡಿದು ಕೂತೆ. ಬಾಗಿಲಲ್ಲಿ ನೀವು, "ಇನ್ನೊಂದ್ ಸಲ ಆಡ್ರಮ್ಮಾ" ಅಂದಿರಿ. ನಮ್ಮ ತಂಡ ಹುಟ್ಟಿದ್ದು ಅಲ್ಲಿ, ಸೋಪಿನ ನೊರೆಯಲ್ಲಿ. ಆದರೆ ವೇದಿಕೆಯ ಮೇಲೆ ನೀವು ಹೇಳುತ್ತಿದ್ದುದೇನು?

ತಾರಮಂಗಲದ ಪ್ರಾರ್ಥನಾ ಕೂಟಕ್ಕೆ ಅಪ್ಪ ಮೊದಲ ಸಲ ನನ್ನ ಹಾಡು ಕೇಳಲು ಬಂದಿದ್ದ. ಮಾದಪ್ಪನ ಒಕ್ಕಲಿನವನು, ಮಗಳಿಗೋಸ್ಕರ ಏಸುವಿನ ಹಾಡಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ. ನೀವು ಮೈಕ್ ಹಿಡಿದು, ಹೆತ್ತವರು ಈ ಮೂವರನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದರು, ಭಿಕ್ಷೆ ಬೇಡುತ್ತಾ ಹಾಡುತ್ತಿದ್ದವರನ್ನು ನಾನು ಎತ್ತಿಕೊಂಡು ಬಂದೆ ಎಂದಿರಿ. ಜನ ಬಿಕ್ಕಿ ಅತ್ತರು. ಹಾಡು ಮುಗಿದ ಮೇಲೆ ಅಪ್ಪ ನನ್ನ ಕೈ ಹಿಡಿದ.

"ನಾನ್ ನಿನ್ನ ಬಿಟ್ಬಿಟ್ ಓದ್ನಾ, ಮಾದಮ್ಮ? ಎಗಲ್ ಮೇಲ್ ಕುಂಡ್ರಿಸ್ಕೊಂಡ್ ಬಂದು ಸ್ಕೂಲಿಗ್ ಸೇರಿಸ್ದೋನ್ ಯಾರು?"

ಮತ್ತೆಂದೂ ಅವನು ನಮ್ಮ ಹಾಡಿಗೆ ಬರಲಿಲ್ಲ.

ವ್ಯಾನಿನಲ್ಲಿ ನಿಮ್ಮನ್ನು ಕೇಳಿದೆ. "ಜನ ಅತ್ರೆ ತಾನೇ ಆಡು ಮನಸ್ಸೊಳಗ್ ಓಗೋದು? ವಿಡುಮ್ಮಾ" ಎಂದಿರಿ. ನೀವು ಬಿಡು ಎಂದದ್ದಕ್ಕೆ ನಾನು ಬಿಟ್ಟೆ. ಯಾಕೆ ಬಿಟ್ಟೆ? ಹಾಡನ್ನು ಕಳೆದುಕೊಂಡರೆ ನನಗೆ ಇನ್ನೇನು... ಅಪ್ಪನನ್ನು ಮಣ್ಣು ಮಾಡಿ ಬಂದ ವಾರವೂ ನೀವು ಅದೇ ಕಥೆ ಹೇಳಿದಿರಿ, ನಾನು ಪಕ್ಕದಲ್ಲಿ ನಿಂತು ಶ್ರುತಿ ಹಿಡಿದೆ. ಉಸಿರು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ಕಲಿಸಿದವರು ನೀವೇ, ಅಲ್ಲಗಳೆಯುವುದಿಲ್ಲ. ಅದಕ್ಕೆ ನಮ್ಮ ಅಪ್ಪಂದಿರನ್ನು ಬಲಿ ಕೊಡಬೇಕಿತ್ತೇ?

ಹೋದ ತಿಂಗಳು ನಿಮ್ಮ ನೆನಪಿನ ಕೂಟ ನಡೆಯಿತು. ನಿಮ್ಮ ಮಗಳು ನನ್ನ ಕೈಗೆ ಮೈಕ್ ಇಟ್ಟು, "ಅಕ್ಕಾ, ಅಪ್ಪ ನಿಮ್ಮನ್ನ ಬಸ್ ಸ್ಟ್ಯಾಂಡಲ್ಲಿ ಕಂಡ ಕಥೆ ಯೇಳಿ" ಎಂದಳು. ಹೇಳಿದೆ. ಒಗೆಯುವ ಕಲ್ಲಿನ ಕಥೆ, ಕುರಿ ಕರೆಯುವ ದನಿ, ಅಪ್ಪನ ಹೆಸರು ಮುನಿಯಪ್ಪ ಎಂಬುದು, ಎಲ್ಲ. ಯಾರೋ ಮೈಕ್ ಆರಿಸಿದರು. ನಾನು ದನಿ ಏರಿಸಿದೆ. ಹಿಂದಿನಿಂದ ಸೆಲ್ವಿ ಕೂಗಿದಳು: "ಎಂಗ ಅಪ್ಪಾವುಂ ಎನ್ನ ವಿಡಲೆ!" ತನ್ನ ಅಪ್ಪನೂ ತನ್ನನ್ನು ಬಿಟ್ಟಿರಲಿಲ್ಲ ಎಂದು. ನಿಮ್ಮ ಮಗಳು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಸುದ್ದಿ ಇದೆ. ನಿಮ್ಮ ನಂತರ ತಂಡ ಮುಳುಗುತ್ತದೆ ಎಂದವರೇ ಎಲ್ಲ. ಈಗ ನಾವು ಐವರಾಗಿದ್ದೇವೆ, ಹಾಸ್ಟೆಲಿನ ಇಬ್ಬರು ಹುಡುಗಿಯರು ಸೇರಿದ್ದಾರೆ. ಮೊನ್ನೆ ಕೋಲು ಹಿಡಿದು, ಒಬ್ಬರ ಭುಜ ಒಬ್ಬರು ಹಿಡಿದು, ಸೇಲಂಗೆ ಹೋಗಿ ಹಾಡಿದೆವು. ಅಲ್ಲಿನ ಪಾಸ್ಟರು ನಮ್ಮನ್ನು ಪರಿಚಯಿಸಲು ಎದ್ದು, "ನಿಮ್ಮನ್ನು ಕರೆತಂದವರು ಯಾರು?" ಎಂದು ಕೇಳಿದರು.

"ನಾಂಗಳೇ ವಂದೋಂ, ಅಯ್ಯಾ," ಎಂದಳು ರೂತ್. ನಾವೇ ಬಂದೆವು.

ಪರಿಚಯ ಅಷ್ಟರಲ್ಲೇ ಮುಗಿಯಿತು. ಹಾಡು ಶುರುಮಾಡಿದೆವು.

ಮಾದಮ್ಮ